ಸ್ಕೈವಾಕ್ ಕಂಬಿಯ ಜೇಡರ ಬಲೆ, ಹಿಂದೆ ಬಸ್ಸುಗಳ ದೀಪ: ಫೋಟೋ ತೆಗೆಯೋದು ಹೇಗೆ?

ಬನಶಂಕರಿ ಬಾಲ್ಕನಿ · ನವೆಂಬರ್ 8, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ದಿನಾ ಆಫೀಸಿನಿಂದ ಬರುವಾಗ ಔಟರ್ ರಿಂಗ್ ರೋಡಿನ ಒಂದು ಸ್ಕೈವಾಕ್ ಹತ್ತಿ ಇಳಿಯುತ್ತೇನೆ. ಮಧ್ಯದಲ್ಲಿ, ಟ್ಯೂಬ್‌ಲೈಟ್ ಕೆಳಗೆ, ಎರಡು ಕಂಬಿಗಳ ನಡುವೆ ಒಂದು ಜೇಡ ಬಲೆ ಕಟ್ಟುತ್ತದೆ. ದುಂಡಗಿನ ಬಲೆ, ಊಟದ ತಟ್ಟೆಯಷ್ಟು ಅಗಲ. ಎರಡು ವಾರದಿಂದ ನೋಡುತ್ತಿದ್ದೇನೆ.

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಕೊಡುವ ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್ ಪ್ರಶಸ್ತಿ ಗೊತ್ತಲ್ಲ, ಅದರಲ್ಲಿ 2025ರಲ್ಲಿ ಗೆದ್ದ ಒಂದು ಚಿತ್ರ ನೋಡಿದೆ. ಜರ್ಮನಿಯಲ್ಲಿ ಜನ ನಡೆಯುವ ಸೇತುವೆಯ ಮೇಲೆ ಒಂದು ಜೇಡ, ಹಿಂದೆ ಕೆಳಗಿನ ರಸ್ತೆಯ ಕಾರುಗಳ ದೀಪ ದೊಡ್ಡ ದೊಡ್ಡ ಬಣ್ಣದ ಉಂಡೆಗಳಾಗಿ ಕಾಣುತ್ತವೆ. ನೋಡಿದ ಕೂಡಲೇ ನಮ್ಮ ಸ್ಕೈವಾಕ್ ನೆನಪಾಯಿತು. ದೀಪಗಳಿಗೆ ನಮ್ಮ ರಿಂಗ್ ರೋಡಿನಲ್ಲಿ ಬರ ಇಲ್ಲ.

ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, 50 ಎಂಎಂ ಲೆನ್ಸ್ ಇದೆ. ನಾಲ್ಕು ಸಂಜೆ ಪ್ರಯತ್ನಿಸಿದೆ. ಬಲೆ ಕಾಣುವುದೇ ಇಲ್ಲ, ಇಲ್ಲಾ ಅರ್ಧ ಮಾತ್ರ ಫೋಕಸ್ ಆಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ತುರಹಳ್ಳಿ ಕಾಲುದಾರಿ · ನವೆಂಬರ್ 8, ರಾತ್ರಿ 10:35

ಒಳ್ಳೆಯ ಜಾಗ ಹಿಡಿದಿದ್ದೀರಿ. ನಾನು ಹದಿನೈದು ವರ್ಷದಿಂದ ಜೇಡಗಳ ಹಿಂದೆ ಓಡಾಡುತ್ತಿದ್ದೇನೆ, ಸ್ಕೈವಾಕ್ ತಲೆಗೆ ಹೊಳೆದೇ ಇರಲಿಲ್ಲ.

ಅರ್ಧ ಫೋಕಸ್ ಯಾಕೆ ಅಂದ್ರೆ, ನೀವು ಬಲೆಯನ್ನು ಓರೆಯಾಗಿ ನೋಡುತ್ತಿದ್ದೀರಿ. ಬಲೆ ಗೋಡೆಯ ಹಾಗೆ ಚಪ್ಪಟೆ. ಕ್ಯಾಮೆರಾದ ಹಿಂಭಾಗ ಆ ಗೋಡೆಗೆ ಸಮನಾಗಿ ನಿಲ್ಲಬೇಕು. ಹತ್ತಿರದಿಂದ ತೆಗೆಯುವಾಗ ಫೋಕಸ್ ಸಿಗುವುದು ಕೆಲವೇ ಮಿಲಿಮೀಟರ್ ಆಳಕ್ಕೆ. ಸ್ವಲ್ಪ ವಾಲಿದರೂ ಒಂದು ಬದಿ ಮಸುಕಾಗುತ್ತದೆ. ಬಲೆಯೂ ಸಾಮಾನ್ಯವಾಗಿ ನೆಟ್ಟಗೆ ಇರುವುದಿಲ್ಲ, ಕೊಂಚ ವಾಲಿಕೊಂಡೇ ಇರುತ್ತದೆ. ಮೊದಲು ಪಕ್ಕದಿಂದ ನೋಡಿ, ಎಷ್ಟು ವಾಲಿದೆ ಅಂತ ತಿಳಿದುಕೊಂಡು ಅಷ್ಟೇ ಕ್ಯಾಮೆರಾ ವಾಲಿಸಿ.

ಆಟೋ ಫೋಕಸ್ ಬಿಡಿ. ಈ ಎಳೆ ನಮ್ಮ ತಲೆಕೂದಲಿನ ಹತ್ತನೇ ಒಂದು ಭಾಗಕ್ಕಿಂತ ಸಣ್ಣದು. ಕ್ಯಾಮೆರಾ ಅದನ್ನು ದಾಟಿ ಹಿಂದಿನ ಲಾರಿಯನ್ನೇ ಹಿಡಿಯುತ್ತದೆ. ಕೈಯಿಂದ ತಿರುಗಿಸಿ ಜೇಡದ ಮೇಲೆ ಫೋಕಸ್ ಇಡಿ, ಆಮೇಲೆ ಲೆನ್ಸಿನ ಉಂಗುರ ಮುಟ್ಟಬೇಡಿ. ಮುಂದಿನದನ್ನು ನೀವೇ ಒಂದು ಕೂದಲೆಳೆ ಮುಂದೆ ಹಿಂದೆ ಆಗುತ್ತಾ ಸರಿ ಮಾಡಿಕೊಳ್ಳಿ.

ಬಲೆ ಕಾಣದಿರುವುದು ಬೆಳಕಿನ ಸಮಸ್ಯೆ. ಎದುರಿನಿಂದ ಬೆಳಕು ಬಿದ್ದರೆ ಎಳೆ ಮಾಯ. ಹಿಂದಿನಿಂದ ಅಥವಾ ಓರೆಯಾಗಿ ಬಂದರೆ ಹೊಳೆಯುತ್ತದೆ. ಆ ಟ್ಯೂಬ್‌ಲೈಟ್ ಬಲೆಯ ಹಿಂದೆ, ಚೌಕಟ್ಟಿನಿಂದ ಸ್ವಲ್ಪ ಹೊರಗೆ ಬರುವ ಹಾಗೆ ನಿಂತು ನೋಡಿ. ಒಂದು ಹೆಜ್ಜೆ ಸರಿದರೆ ಸಾಕು, ಇದ್ದಕ್ಕಿದ್ದಂತೆ ಇಡೀ ಬಲೆ ಎದ್ದು ಬರುತ್ತದೆ.

ನಾನಾಗಿದ್ದರೆ ಲೆನ್ಸಿನ ಕಿಂಡಿ ಎಫ್/2.8, ಶಟರ್ 1/250 ಸೆಕೆಂಡ್, ಐಎಸ್‌ಒ 1600ರಿಂದ ಶುರು ಮಾಡುತ್ತಿದ್ದೆ. ಕಿಂಡಿ ಕಿರಿದು ಮಾಡಿ ಎಫ್/8 ಇಟ್ಟರೆ ಬಲೆ ಚೂಪಾಗುತ್ತದೆ, ಆದರೆ ದೀಪದ ಉಂಡೆಗಳು ಸಣ್ಣ ಚುಕ್ಕೆಗಳಾಗುತ್ತವೆ. ಒಂದು ಪ್ರಶ್ನೆ: ಬೆಳಿಗ್ಗೆ ಹೋಗುವಾಗ ಬಲೆ ಇರುತ್ತದಾ?

ಬನಶಂಕರಿ ಬಾಲ್ಕನಿ · ನವೆಂಬರ್ 9, ಬೆಳಿಗ್ಗೆ 7:15

ಸರ್, ತುಂಬಾ ಥ್ಯಾಂಕ್ಸ್. ಬೆಳಿಗ್ಗೆ ಬಲೆ ಇರುವುದೇ ಇಲ್ಲ! ಯಾರೋ ಗುಡಿಸುತ್ತಾರೆ ಅಂದುಕೊಂಡಿದ್ದೆ.

ತುರಹಳ್ಳಿ ಕಾಲುದಾರಿ · ನವೆಂಬರ್ 9, ಬೆಳಿಗ್ಗೆ 8:02

ಗುಡಿಸುತ್ತಿಲ್ಲ, ಅದೇ ತಿಂದುಬಿಡುತ್ತದೆ. ರಾತ್ರಿ ಬೇಟೆಯಾಡುವ ನಿಯೋಸ್ಕೋನ ಜಾತಿಯ ಜೇಡ ಇರಬೇಕು. ಸಂಜೆ ಹೊಸ ಬಲೆ, ಬೆಳಗಾಗುವ ಹೊತ್ತಿಗೆ ಹಳೆಯದನ್ನು ನುಂಗಿ ಕಂಬಿಯ ಸಂದಿನಲ್ಲಿ ಮುದುಡಿ ಕೂರುತ್ತದೆ. ನುಂಗಿದ ರೇಷ್ಮೆ ಮತ್ತೆ ಹೊಸ ರೇಷ್ಮೆಗೆ ಒದಗುತ್ತದೆ.

ಒಂದು ದಿನ ಬೇಗ ಬಂದು ಕತ್ತಲಾಗುವ ಹೊತ್ತಿಗೆ ಅಲ್ಲಿರಿ. ಫೋಟೋ ಬೇಡ, ಸುಮ್ನೆ ನೋಡಿ. ಮೊದಲು ಒಂದು ಎಳೆಯನ್ನು ಗಾಳಿಗೆ ಬಿಡುತ್ತದೆ, ಅದು ಆಚೆ ಕಂಬಿಗೆ ಅಂಟಿದರೆ ಸೇತುವೆ ಆಯಿತು. ಆಮೇಲೆ ಚೌಕಟ್ಟು, ನಡುವಿನಿಂದ ಹೊರಕ್ಕೆ ಕಡ್ಡಿ ಎಳೆಗಳು. ನಂತರ ಒಳಗಿನಿಂದ ಹೊರಕ್ಕೆ ಅಂಟಿಲ್ಲದ ಒಂದು ಸುರುಳಿ ಹಾಕುತ್ತದೆ. ಮನೆ ಕಟ್ಟುವಾಗ ಸಾರವೆ ಕಟ್ಟುತ್ತಾರಲ್ಲ, ಹಾಗೆ. ಕೊನೆಗೆ ಹೊರಗಿನಿಂದ ಒಳಕ್ಕೆ ಅಂಟಿನ ಸುರುಳಿ ಹಾಕುತ್ತಾ, ಆ ಸಾರವೆಯನ್ನು ಕಿತ್ತು ಹಾಕುತ್ತಾ ಬರುತ್ತದೆ. ಇಷ್ಟಕ್ಕೂ ಹೆಚ್ಚುಕಡಿಮೆ ಒಂದು ಗಂಟೆ. ಇದನ್ನು ಒಂದು ಸಲ ಪೂರ್ತಿ ನೋಡಿದವರ ಫೋಟೋನೇ ಬೇರೆ ಆಗುತ್ತದೆ. ಇದು ನನ್ನ ಗಟ್ಟಿ ನಂಬಿಕೆ.

ಕಬ್ಬನ್‌ಪೇಟೆ ಮಗ್ಗ · ನವೆಂಬರ್ 9, ಮಧ್ಯಾಹ್ನ 1:20

ನಾನು ಫೋಟೋಗ್ರಾಫರ್ ಅಲ್ಲ. ನಮ್ಮ ತಂದೆ ಕಬ್ಬನ್‌ಪೇಟೆಯಲ್ಲಿ ಮಗ್ಗ ನಡೆಸುತ್ತಿದ್ದರು, ನಾನು ಲಾಳಿಯ ಸದ್ದಿನಲ್ಲೇ ಬೆಳೆದವನು. ಮೇಲಿನದನ್ನು ಓದಿ ಸುಮ್ಮನಿರಲಾಗಲಿಲ್ಲ.

ಜೇಡ ಅಂದರೆ ನಮ್ಮ ಭಾಷೆಯಲ್ಲಿ ನೇಕಾರ ಅಂತಲೂ ಅರ್ಥ ಇದೆ. ದಾಸಿಮಯ್ಯನವರನ್ನು ಜೇಡರ ದಾಸಿಮಯ್ಯ ಅನ್ನುವುದು ಅವರು ನೇಯುತ್ತಿದ್ದರು ಅಂತ. ಹಾಗಾಗಿ ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ಜೇಡವನ್ನು ಹೊಡೆಯಲು ಬಿಡುತ್ತಿರಲಿಲ್ಲ. "ಅವನೂ ನಮ್ಮ ಕಸುಬಿನವನೇ" ಅನ್ನುತ್ತಿದ್ದರು ಅಪ್ಪ.

ಆದರೆ ಒಂದು ವ್ಯತ್ಯಾಸ ಹೇಳಬೇಕು. ಮಗ್ಗದಲ್ಲಿ ಹಾಸು, ಅಂದರೆ ಉದ್ದದ ಎಳೆ ಇರುತ್ತದೆ, ಹೊಕ್ಕು ಅನ್ನುವ ಅಡ್ಡ ಎಳೆ ಅದರ ಮೇಲೊಮ್ಮೆ ಕೆಳಗೊಮ್ಮೆ ಹಾಯುತ್ತದೆ. ಜೇಡ ಹಾಗೆ ಮಾಡುವುದಿಲ್ಲ. ಕಡ್ಡಿ ಎಳೆ ಅದರ ಹಾಸು ಅನ್ನಿ, ಸುರುಳಿ ಹೊಕ್ಕು ಅನ್ನಿ, ಆದರೆ ಪ್ರತಿ ಸಂಧಿಯಲ್ಲೂ ಹೊಕ್ಕನ್ನು ಹಾಸಿನ ಎಳೆಗೆ ಅಂಟಿಸಿ ಮುಂದೆ ಹೋಗುತ್ತದೆ. ನೇಯ್ಗೆ ಅಲ್ಲ ಅದು, ಬೆಸುಗೆ. ಭೂತಗನ್ನಡಿ ಇಟ್ಟುಕೊಂಡು ಎಷ್ಟೋ ಹೊತ್ತು ನೋಡಿದ್ದೇನೆ. ಯಾರಾದರೂ ಆ ಒಂದು ಸಂಧಿಯ ಫೋಟೋ ತೆಗೆದಿದ್ದರೆ ದಯವಿಟ್ಟು ಹಾಕಿ. ಅಪ್ಪನಿಗೆ ತೋರಿಸಬೇಕು, ಈಗ ಅವರಿಗೆ 84.

ಮೊಬೈಲ್ ಮ್ಯಾಕ್ರೊ · ನವೆಂಬರ್ 9, ಸಂಜೆ 6:48

ನನ್ನ ಹತ್ತಿರ ಇದೆ ಅಂಕಲ್! ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸಿನಲ್ಲಿ ತೆಗೆದದ್ದು, ನಮ್ಮ ಕಾಲೇಜಿನ ಕಾಂಪೌಂಡಿನಲ್ಲಿ. ಇಲ್ಲಿ ಹಾಕಿದ್ದೇನೆ. ಸುರುಳಿ ಎಳೆಯ ಮೇಲೆ ಮಣಿ ಪೋಣಿಸಿದ ಹಾಗೆ ಅಂಟಿನ ಹನಿಗಳು ಕಾಣುತ್ತವೆ, ಕಡ್ಡಿ ಎಳೆಯ ಮೇಲೆ ಹನಿ ಇಲ್ಲ. ಎರಡೂ ಸೇರುವ ಜಾಗ ಬಲಗಡೆ ಮೂಲೆಯಲ್ಲಿದೆ, ಸ್ವಲ್ಪ ಮಸುಕು.

ಮೊಬೈಲ್ ಇರುವವರಿಗೆ ಒಂದು ಉಪಾಯ: ಬಲೆಯ ಪಕ್ಕದಲ್ಲಿ, ಅಷ್ಟೇ ದೂರದಲ್ಲಿ ಕೈ ಹಿಡಿಯಿರಿ. ಮೊಬೈಲ್ ಕೈಯನ್ನು ಫೋಕಸ್ ಮಾಡುತ್ತದೆ. ಒತ್ತಿ ಲಾಕ್ ಮಾಡಿ, ಕೈ ತೆಗೆಯಿರಿ. ಬಲೆ ಮುಟ್ಟದಂತೆ ಹುಷಾರು.

ಕಬ್ಬನ್‌ಪೇಟೆ ಮಗ್ಗ · ನವೆಂಬರ್ 9, ರಾತ್ರಿ 9:05

ಅಪ್ಪನಿಗೆ ತೋರಿಸಿದೆ. ಕನ್ನಡಕ ತೆಗೆದು, ಮತ್ತೆ ಹಾಕಿ, ಮೊಬೈಲ್ ಕೈಯಿಂದ ಬಿಡಲೇ ಇಲ್ಲ. ನಿನಗೆ ಒಳ್ಳೆಯದಾಗಲಿ ಮಗಾ.

ಗಿರಿನಗರ ಟೀಚರ್ · ನವೆಂಬರ್ 10, ಬೆಳಿಗ್ಗೆ 10:30

ನಾನೂ ಒಂದು ಫೋಟೋ ಹಾಕಿದ್ದೇನೆ ನೋಡಿ. ಟೆರೇಸಿನ ದಾಸವಾಳ ಗಿಡದಲ್ಲಿ ಬಲೆ ಕಟ್ಟಿತ್ತು. ಹೂವಿಗೆ ನೀರು ಚಿಮುಕಿಸುವ ಬಾಟಲಿಯಿಂದ ಬಲೆಗೆ ಸ್ವಲ್ಪ ನೀರು ಹೊಡೆದೆ. ಮುತ್ತಿನ ಸರದ ಹಾಗೆ ಬಂತು. ನಿವೃತ್ತಿ ಆದ ಮೇಲೆ ಕ್ಯಾಮೆರಾ ಹಿಡಿದವಳು ನಾನು, ತಪ್ಪಿದ್ದರೆ ತಿದ್ದಿ.

ಹೆಸರಘಟ್ಟ ಹುಲ್ಲು · ನವೆಂಬರ್ 10, ಬೆಳಿಗ್ಗೆ 11:12

ಮೇಡಂ, ಚಿತ್ರ ಚೆನ್ನಾಗಿದೆ. ಆದರೆ ನೀರು ಹೊಡೆಯುವುದನ್ನು ನಾನು ಒಪ್ಪುವುದಿಲ್ಲ. ಬಲೆ ಅದರ ಅಡುಗೆಮನೆ, ಅದರ ಅಂಗಳ. ನೀರು ಬಿದ್ದರೆ ಅಂಟು ಹಾಳಾಗುತ್ತದೆ, ಆ ದಿನದ ಊಟ ಹೋಗುತ್ತದೆ. ನಮ್ಮ ಒಂದು ಫೋಟೋಗೆ ಅದು ಯಾಕೆ ಉಪವಾಸ ಇರಬೇಕು?

ನೋಡಿದರೆ ಗೊತ್ತೂ ಆಗುತ್ತದೆ. ನಿಜವಾದ ಇಬ್ಬನಿ ಗಾಳಿಯಿಂದಲೇ ಎಳೆಯ ಮೇಲೆ ಕೂಡುತ್ತದೆ. ಹಾಗಾಗಿ ಹನಿಗಳು ಸಣ್ಣಗೆ, ಒಂದೇ ಅಳತೆಯಲ್ಲಿ, ಒಂದೇ ಅಂತರದಲ್ಲಿ ಇರುತ್ತವೆ. ಬಾಟಲಿಯ ನೀರು ಅಲ್ಲಲ್ಲಿ ದಪ್ಪಗೆ ನಿಲ್ಲುತ್ತದೆ, ಭಾರಕ್ಕೆ ಬಲೆ ಜೋತು ಬೀಳುತ್ತದೆ. ನಿಮ್ಮ ಚಿತ್ರದ ಕೆಳಗಡೆ ಎಳೆಗಳು ಒಂದಕ್ಕೊಂದು ಅಂಟಿಕೊಂಡಿವೆ ನೋಡಿ.

ಗಿರಿನಗರ ಟೀಚರ್ · ನವೆಂಬರ್ 10, ಮಧ್ಯಾಹ್ನ 12:40

ನೀವು ಹೇಳಿದ್ದು ಸರಿ ಇರಬಹುದು. ಆದರೆ ನನಗೆ 67 ವಯಸ್ಸು, ಮಂಡಿ ನೋವು. ಬೆಳಗಿನ ಜಾವ ಐದು ಗಂಟೆಗೆ ಎದ್ದು ಹೆಸರಘಟ್ಟದ ಹುಲ್ಲಿನಲ್ಲಿ ಕೂರಲು ನನ್ನಿಂದ ಆಗುತ್ತದಾ? ನನಗೆ ಸಿಗುವುದು ಈ ಟೆರೇಸು, ಈ ದಾಸವಾಳ. ಹೊರಗೆ ಹೋಗಲಾಗದವರು ಇಬ್ಬನಿ ನೋಡುವುದೇ ಬೇಡವಾ?

ತುರಹಳ್ಳಿ ಕಾಲುದಾರಿ · ನವೆಂಬರ್ 10, ಮಧ್ಯಾಹ್ನ 2:15

ಇಬ್ಬರ ಮಾತೂ ಅರ್ಥವಾಗುತ್ತದೆ. ವಿಜ್ಞಾನಿಗಳು ಕೂಡ ಬಲೆಯ ವಿನ್ಯಾಸ ಕಾಣಲಿ ಅಂತ ಜೋಳದ ಹಿಟ್ಟಿನ ಪುಡಿ ಉದುರಿಸುವುದುಂಟು. ಅದು ಅಳತೆ ತೆಗೆಯಲು. ನಮಗೆ ಆ ಕಾರಣ ಇಲ್ಲ. ನಾನೂ ಮೊದಲ ಎರಡು ವರ್ಷ ನೀರು ಹೊಡೆದಿದ್ದೇನೆ, ಈಗ ಆ ಫೋಟೋಗಳನ್ನು ಯಾರಿಗೂ ತೋರಿಸುವುದಿಲ್ಲ.

ಟೀಚರ್, ಟೆರೇಸಿನಲ್ಲೇ ನಿಮಗೊಂದು ದಾರಿ ಇದೆ. ಇಬ್ಬನಿ ಬೇಕಾಗಿಲ್ಲ, ಬೆಳಗಿನ ಬಿಸಿಲು ಸಾಕು. ಏಳು ಗಂಟೆ ಸುಮಾರಿಗೆ ಸೂರ್ಯ ಇನ್ನೂ ಕೆಳಗಿರುವಾಗ, ಬಲೆ ನಿಮಗೂ ಸೂರ್ಯನಿಗೂ ನಡುವೆ ಬರುವ ಹಾಗೆ ಕುರ್ಚಿ ಹಾಕಿಕೊಂಡು ಕೂರಿ. ಹಿಂದೆ ನೆರಳಿನ ಗೋಡೆ ಅಥವಾ ಕಪ್ಪು ಬಟ್ಟೆ ಇರಲಿ. ಎಳೆಗಳ ಮೇಲೆ ಕಾಮನಬಿಲ್ಲಿನ ಬಣ್ಣ ಓಡಾಡುತ್ತದೆ. ಇಷ್ಟು ಸಣ್ಣ ಎಳೆಗೆ ಬಿದ್ದ ಬೆಳಕು ಬಾಗಿ ಚದುರುವುದರಿಂದ ಬರುವ ಬಣ್ಣ ಅದು. ಫೋಕಸ್ ಒಂದು ಚೂರು ತಪ್ಪಿಸಿದರೆ ಇನ್ನೂ ಜಾಸ್ತಿ. ಇಬ್ಬನಿಗಿಂತ ನನಗೆ ಇದೇ ಇಷ್ಟ.

ಹೆಸರಘಟ್ಟ ಹುಲ್ಲು · ನವೆಂಬರ್ 10, ಸಂಜೆ 5:30

ಮೇಡಂ, ನನ್ನ ಮಾತು ಸ್ವಲ್ಪ ಗಡುಸಾಯಿತು, ಕ್ಷಮಿಸಿ. ನಾನು ಶನಿವಾರ ಶನಿವಾರ ಕಾರಿನಲ್ಲಿ ಹೋಗುತ್ತೇನೆ. ಗಿರಿನಗರ ನನಗೆ ಸುತ್ತು, ಆದರೂ ಬಂದು ಕರೆದುಕೊಂಡು ಹೋಗುತ್ತೇನೆ. ಮಡಚುವ ಕುರ್ಚಿ ಇದೆ. ಕಾರಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲೇ ಕಳ್ಳಿ, ಕತ್ತಾಳೆ ಗಿಡಗಳಲ್ಲಿ ಡೇರೆ ಜೇಡದ ಬಲೆಗಳಿವೆ. ದುಂಡು ಬಲೆಯಲ್ಲ ಅದು, ಗುಮ್ಮಟದ ಹಾಗೆ ಅಡ್ಡಡ್ಡ ಹರಡಿರುತ್ತದೆ. ಬಲೆಯ ಕಣ್ಣುಗಳು ಎಷ್ಟು ಸಣ್ಣ ಅಂದ್ರೆ ಮಲ್ ಬಟ್ಟೆ ಹಾಸಿದಂತೆ. ಅಂಟಿಲ್ಲದ ಬಲೆ, ದಿನಾ ಕೀಳುವುದಿಲ್ಲ. ಮಂಜಿನ ದಿನ ಅದರ ಮೇಲೆ ಇಬ್ಬನಿ ನಿಂತದ್ದನ್ನು ನೀವು ನೋಡಲೇಬೇಕು. ಡಿಸೆಂಬರ್ ಬರಲಿ, ಇಬ್ಬನಿ ಜಾಸ್ತಿ ಆಗುತ್ತದೆ.

ಗಿರಿನಗರ ಟೀಚರ್ · ನವೆಂಬರ್ 10, ಸಂಜೆ 6:05

ಖಂಡಿತ ಬರುತ್ತೇನೆ. ಫ್ಲಾಸ್ಕಿನಲ್ಲಿ ಕಾಫಿ ನನ್ನದು. ಮೇಲಿನ ಫೋಟೋ ಕೆಳಗೆ "ನೀರು ಚಿಮುಕಿಸಿ ತೆಗೆದದ್ದು" ಅಂತ ಬರೆದಿದ್ದೇನೆ.

ಮೆಲ್ಬರ್ನ್‌ನ ಮಲ್ಲೇಶ್ವರದವಳು · ನವೆಂಬರ್ 11, ಬೆಳಿಗ್ಗೆ 6:20

ಈ ಚರ್ಚೆ ಓದಿ ಊರು ನೆನಪಾಯಿತು. ನಾನಿರುವ ವಿಕ್ಟೋರಿಯಾ ರಾಜ್ಯದ ಗಿಪ್ಸ್‌ಲ್ಯಾಂಡಿನಲ್ಲಿ 2021ರ ಜೂನ್‌ನಲ್ಲಿ ನೆರೆ ಬಂದಿತ್ತು. ನೆಲದ ಜೇಡಗಳೆಲ್ಲ ನೀರಿನಿಂದ ತಪ್ಪಿಸಿಕೊಳ್ಳಲು ಎಳೆ ಬಿಡುತ್ತಾ ಹುಲ್ಲು, ಬೇಲಿ, ರಸ್ತೆ ಬದಿಯ ಫಲಕ, ಎಲ್ಲದರ ಮೇಲೂ ಹತ್ತಿದವು. ಒಂದು ರಸ್ತೆಯ ಪಕ್ಕ ಒಂದು ಕಿಲೋಮೀಟರಿಗೂ ಉದ್ದಕ್ಕೆ ಬಿಳಿ ಸೀರೆ ಒಣಗಲು ಹಾಕಿದಂತೆ ಕಾಣುತ್ತಿತ್ತು. ಇಂಥದ್ದೇ 2010ರ ನೆರೆಯ ನಂತರ ಪಾಕಿಸ್ತಾನದ ಸಿಂಧ್‌ನಲ್ಲೂ ಆಗಿತ್ತು. ಅಲ್ಲಿ ಇಡೀ ಮರಗಳೇ ಬಲೆಯಲ್ಲಿ ಮುಚ್ಚಿಹೋಗಿದ್ದವು. ಆ ಚಿತ್ರಗಳನ್ನು ಎಷ್ಟೋ ಜನ ನೋಡಿರುತ್ತೀರಿ. ನೋಡಲು ಸುಂದರ, ಆದರೆ ಆ ಮರದ ಕೆಳಗೆ ಮನೆ ಕಳೆದುಕೊಂಡ ಜನ ಇದ್ದರು. ಅದನ್ನು ನಾನು ಮರೆಯಲಾರೆ.

ನನ್ನ ಕ್ಯಾಮೆರಾ ಮಾತ್ರ ಇಲ್ಲಿನ ನವಿಲು ಜೇಡಗಳ ಕಡೆಗೆ. ಮರಾಟಸ್ ಅನ್ನುವ ಕುಲ, ನೂರಕ್ಕೂ ಹೆಚ್ಚು ಜಾತಿಗಳಿವೆ. ಗಂಡು ಬರೀ 4-5 ಮಿಲಿಮೀಟರ್, ಅಕ್ಕಿ ಕಾಳಿಗಿಂತ ಚಿಕ್ಕದು. ಹೆಣ್ಣಿನ ಮುಂದೆ ಹೊಟ್ಟೆಯ ಬಣ್ಣದ ಬೀಸಣಿಗೆ ಎತ್ತಿ, ಒಂದು ಜೊತೆ ಕಾಲು ಮೇಲೆತ್ತಿ ಕುಣಿಯುತ್ತದೆ. ಬಲೆ ಕಟ್ಟುವುದಿಲ್ಲ, ಹಾರಿ ಬೇಟೆಯಾಡುವ ಜೇಡ. ಒಂದು ಕುಣಿತದ ಫೋಟೋಗೆ ಮೂರು ವಸಂತ ಕಾದಿದ್ದೇನೆ. ಹೊಟ್ಟೆಯ ಮೇಲೆ ಮಲಗಿ, ಮೊಣಕೈ ನೆಲಕ್ಕೂರಿ, ಉಸಿರು ಹಿಡಿದು.

ತುರಹಳ್ಳಿ ಕಾಲುದಾರಿ · ನವೆಂಬರ್ 11, ಬೆಳಿಗ್ಗೆ 9:10

ಮಲ್ಲೇಶ್ವರದವರೇ, ಆ ಕುಲದ ನಂಟರು ಇಲ್ಲೂ ಇದ್ದಾರೆ. ಬೆಂಗಳೂರಿನ ಯಾವ ಮನೆಯ ಗೋಡೆ ನೋಡಿದರೂ ಒಂದು ಹಾರುವ ಜೇಡ ಇರುತ್ತದೆ. ಅದರ ಮುಂದಿನ ಎರಡು ದೊಡ್ಡ ಕಣ್ಣು ನಿಮ್ಮ ಲೆನ್ಸನ್ನು ನೋಡುತ್ತದೆ, ನಿಜವಾಗಿ ತಿರುಗಿ ನೋಡುತ್ತದೆ. ಹೊಸಬರು ಅಲ್ಲಿಂದಲೇ ಶುರು ಮಾಡಿ. ಕಾಡಿಗೆ ಹೋಗಬೇಕಿಲ್ಲ.

ಇನ್ನೊಂದು ಮೋಜು ಕೆಂಜಿಗದ ಗೂಡಿನ ಹತ್ತಿರ. ಮಾವಿನ ಮರದಲ್ಲಿ ಕೆಂಜಿಗ ಹರಿದಾಡುವಾಗ ಕಾಲು ಎಣಿಸಿ. ಎಂಟು ಇದ್ದರೆ ಅದು ಇರುವೆಯಲ್ಲ, ಇರುವೆಯ ವೇಷದ ಜೇಡ. ಗಂಡಿನ ದವಡೆ ಎಷ್ಟು ಉದ್ದ ಅಂದ್ರೆ ಇನ್ನೊಂದು ಇರುವೆಯನ್ನು ಕಚ್ಚಿಕೊಂಡು ಹೋಗುವಂತೆ ಕಾಣುತ್ತದೆ. ಲಾಲ್‌ಬಾಗಿನಲ್ಲಿ ಒಂದು ಮಧ್ಯಾಹ್ನ ಇದರ ಹಿಂದೆ ಮೂರು ಗಂಟೆ ಕಳೆದಿದ್ದೇನೆ.

ದೂರದ ಕಾಡು · ನವೆಂಬರ್ 12, ರಾತ್ರಿ 8:45

ಬಲೆ ಅಂದ ಮೇಲೆ ಮಡಗಾಸ್ಕರ್ ಹೇಳದೆ ಇರಲಾಗದು. 2019ರಲ್ಲಿ ಅಂಡಸಿಬೆ ಕಾಡಿಗೆ ಹೋಗಿದ್ದೆ, ಡಾರ್ವಿನ್ ತೊಗಟೆ ಜೇಡ ನೋಡಲೆಂದೇ. 2010ರಲ್ಲಷ್ಟೇ ವಿಜ್ಞಾನಕ್ಕೆ ಗೊತ್ತಾದ ಜಾತಿ. ಹೊಳೆಯ ಈ ದಡದಿಂದ ಆ ದಡಕ್ಕೆ ಎಳೆ ಕಟ್ಟುತ್ತದೆ. 25 ಮೀಟರಿನವರೆಗೆ ಅಳೆದಿದ್ದಾರೆ. ಎರಡು ಬಿಎಂಟಿಸಿ ಬಸ್ಸು ಒಂದರ ಹಿಂದೊಂದು ನಿಲ್ಲಿಸಿದಷ್ಟು. ಆ ಎಳೆಯ ನಡುವೆ ನೀರಿನ ಮೇಲೆ ತೂಗುವ ದುಂಡು ಬಲೆ 2.8 ಚದರ ಮೀಟರಿನಷ್ಟು ದೊಡ್ಡದಾಗಬಲ್ಲದು, ಹೆಚ್ಚುಕಡಿಮೆ ಒಂದು ಡಬಲ್ ಕಾಟ್ ಮಂಚ. ಇದರ ರೇಷ್ಮೆಗಿಂತ ಗಟ್ಟಿಯಾದ ಜೈವಿಕ ವಸ್ತು ಅಳತೆಗೆ ಸಿಕ್ಕಿಲ್ಲ. ಇಷ್ಟೆಲ್ಲ ಮಾಡುವ ಹೆಣ್ಣು ಜೇಡ ನನ್ನ ಹೆಬ್ಬೆರಳಿನ ಉಗುರಿನಷ್ಟು!

ಫೋಟೋ? ಇಡೀ ಬಲೆ ಚೌಕಟ್ಟಿಗೆ ಬರಲೇ ಇಲ್ಲ. ಅಗಲದ ಲೆನ್ಸ್ ಹಾಕಿದರೆ ಎಳೆ ಕಾಣದು, ಉದ್ದದ ಲೆನ್ಸ್ ಹಾಕಿದರೆ ಹೊಳೆ ಕಾಣದು. ಎರಡು ದಿನ ಒದ್ದಾಡಿ, ಕೊನೆಗೆ ದಡದ ಒಂದು ರೆಂಬೆಗೆ ಆ ಎಳೆ ಕಟ್ಟಿದ್ದ ಗಂಟಿನ ಫೋಟೋ ತೆಗೆದೆ. ಎಳೆ ಅಲ್ಲಿಂದ ಹೊರಟು ಮಂಜಿನಲ್ಲಿ ಮಾಯವಾಗುತ್ತದೆ. ಮನೆಯ ಗೋಡೆಯ ಮೇಲೆ ಹಾಕಿರುವುದು ಅದೊಂದನ್ನೇ.

ಮಗ್ಗದ ಅಣ್ಣ, ನಿಮಗೊಂದು ವಿಷಯ. ಅದೇ ದ್ವೀಪದ ಬಂಗಾರದ ಬಲೆಯ ಜೇಡಗಳ ರೇಷ್ಮೆಯಿಂದ ಬಟ್ಟೆ ನೇಯ್ದಿದ್ದಾರೆ. 2009ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶಿಸಿದರು. ನಾಲ್ಕು ವರ್ಷದ ಕೆಲಸ, ಹತ್ತು ಲಕ್ಷಕ್ಕೂ ಹೆಚ್ಚು ಜೇಡಗಳು. 2012ರಲ್ಲಿ ಒಂದು ಮೇಲಂಗಿಯನ್ನು ಲಂಡನ್ನಿನಲ್ಲಿ ಇಟ್ಟಿದ್ದರು. ಬಣ್ಣ ಹಾಕಿಲ್ಲ, ಆ ಬಂಗಾರ ಜೇಡದ ರೇಷ್ಮೆಯದೇ.

ಕಬ್ಬನ್‌ಪೇಟೆ ಮಗ್ಗ · ನವೆಂಬರ್ 12, ರಾತ್ರಿ 10:10

ಹತ್ತು ಲಕ್ಷ! ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಕೊಂಡು ತಂದರೆ, ಒಂದೇ ಗೂಡಿನಲ್ಲಿ ಸುಮಾರು ಒಂದು ಕಿಲೋಮೀಟರ್ ಎಳೆ ಸಿಗುತ್ತದೆ. ಆದರೆ ಆ ಹುಳು ಬಿಸಿಗೆ ಸಾಯುತ್ತದೆ. ಜೇಡವನ್ನು ಏನು ಮಾಡಿದರು?

ದೂರದ ಕಾಡು · ನವೆಂಬರ್ 12, ರಾತ್ರಿ 10:32

ಎಳೆ ತೆಗೆದುಕೊಂಡು ವಾಪಸ್ ಕಾಡಿಗೆ ಬಿಟ್ಟರು. ಸಾಕುವುದಂತೂ ಕಷ್ಟ, ಒಂದೇ ಕಡೆ ಕೂಡಿ ಹಾಕಿದರೆ ಒಂದನ್ನೊಂದು ತಿಂದುಬಿಡುತ್ತವೆ.

ಬನಶಂಕರಿ ಬಾಲ್ಕನಿ · ನವೆಂಬರ್ 13, ರಾತ್ರಿ 9:30

ಒಟ್ಟಿಗೆ ಬದುಕುವ ಜೇಡಗಳೂ ಇವೆಯಂತಲ್ಲ? ಗ್ರೀಸ್ ಮತ್ತು ಅಲ್ಬೇನಿಯಾ ಗಡಿಯ ಒಂದು ಗಂಧಕದ ಗುಹೆಯಲ್ಲಿ ನೂರು ಚದರ ಮೀಟರಿಗೂ ದೊಡ್ಡ ಬಲೆ, ಲಕ್ಷಕ್ಕೂ ಹೆಚ್ಚು ಜೇಡ ಅಂತ ಈಚೆಗೆ ಸುದ್ದಿ ಓದಿದೆ. ಅಂಥದ್ದು ಒಂದಾದರೂ ನೋಡಬೇಕು ಅನ್ನಿಸುತ್ತಿದೆ.

ಹೆಸರಘಟ್ಟ ಹುಲ್ಲು · ನವೆಂಬರ್ 13, ರಾತ್ರಿ 10:00

ಗ್ರೀಸಿಗೆ ಯಾಕೆ, ನಗರದ ಹೊರವಲಯದ ಜಾಲಿ, ಬೋರೆ ಗಿಡಗಳನ್ನು ನೋಡಿ. ಕೊಳಕು ಹತ್ತಿ ಸುತ್ತಿದಂತೆ ಒಂದು ಗೂಡು, ಸುತ್ತ ಹಾಳೆಯಂತೆ ಬಲೆ. ಅದು ಗುಂಪು ಜೇಡ, ಸ್ಟೆಗೋಡೈಫಸ್. ಒಂದೇ ಗೂಡಿನಲ್ಲಿ ಹತ್ತಾರು, ಕೆಲವೊಮ್ಮೆ ನೂರಾರು. ಒಂದು ಮಿಡತೆ ಬಿದ್ದರೆ ಎಲ್ಲ ಒಟ್ಟಿಗೆ ಬಂದು ಹಿಡಿಯುತ್ತವೆ, ಹಂಚಿಕೊಂಡು ತಿನ್ನುತ್ತವೆ. ಜನ ಇದನ್ನು ಕಸ ಅಂತ ಬೆಂಕಿ ಹಾಕುವುದನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಫೋಟೋದಲ್ಲಿ ಗೂಡು ಚೆನ್ನಾಗಿ ಬರುವುದಿಲ್ಲ ನಿಜ. ಸಂಜೆ ಕತ್ತಲಾದ ಮೇಲೆ ಹೋಗಿ, ಆಗ ಹೊರಗೆ ಬಂದು ಬಲೆ ರಿಪೇರಿ ಮಾಡುತ್ತವೆ.

ಜಯನಗರ ನಾಲ್ಕನೇ ಬ್ಲಾಕ್ · ನವೆಂಬರ್ 14, ಬೆಳಿಗ್ಗೆ 11:45

ನನ್ನ ಮಗಳಿಗೆ ಜೇಡದ ಹುಚ್ಚು ಹಿಡಿದಿದೆ. ನನ್ನ ಅತ್ತೆ ಬೇಡ ಅನ್ನುತ್ತಾರೆ. ಜೇಡ ಉಚ್ಚೆ ಹೊಯ್ದರೆ ಮೈಮೇಲೆ ಗುಳ್ಳೆ ಏಳುತ್ತದೆ, ಸರ್ಪಸುತ್ತು ಆಗುತ್ತದೆ ಅಂತ. ನಿಜವಾ?

ಚರ್ಮದ ಡಾಕ್ಟರ್ · ನವೆಂಬರ್ 14, ಮಧ್ಯಾಹ್ನ 3:20

ಇಲ್ಲ ಅಮ್ಮ. ಈ ಮಾತು ನನ್ನ ಕ್ಲಿನಿಕ್ಕಿನಲ್ಲಿ ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಸರ್ಪಸುತ್ತು ಬರುವುದು ಸೀತಾಳೆ ಸಿಡುಬಿನ ವೈರಸ್ಸಿನಿಂದ. ಚಿಕ್ಕಂದಿನಲ್ಲಿ ಸೀತಾಳೆ ಆಗಿದ್ದವರ ನರಗಳಲ್ಲಿ ಅದು ಅಡಗಿ ಕುಳಿತು, ವರ್ಷಗಳ ನಂತರ ಏಳುತ್ತದೆ. ರಾತ್ರಿ ಮಲಗಿ ಎದ್ದಾಗ ಗೀರಿನಂತೆ ಉರಿಯುವ ಗುಳ್ಳೆ ಇದ್ದರೆ, ಹೆಚ್ಚಾಗಿ ದೀಪಕ್ಕೆ ಬರುವ ಒಂದು ಸಣ್ಣ ಕೆಂಪು ಕಪ್ಪು ಜೀರುಂಡೆಯನ್ನು ಉಜ್ಜಿದ್ದರಿಂದ. ಎರಡರಲ್ಲೂ ಜೇಡದ ತಪ್ಪಿಲ್ಲ. ಸರ್ಪಸುತ್ತು ಅನ್ನಿಸಿದರೆ ಮೂರು ದಿನದೊಳಗೆ ಡಾಕ್ಟರ್ ಹತ್ತಿರ ಹೋಗಿ, ಔಷಧಿ ಆಗಲೇ ಚೆನ್ನಾಗಿ ಕೆಲಸ ಮಾಡುತ್ತದೆ. ಅತ್ತೆಯವರಿಗೆ ನಿಧಾನವಾಗಿ ಹೇಳಿ. ಯಾವ ಜೇಡವನ್ನೂ ಬರಿಗೈಯಲ್ಲಿ ಹಿಡಿಯದಿರುವುದು ಒಳ್ಳೆಯದು. ನೋಡಲಿ, ಚಿತ್ರ ತೆಗೆಯಲಿ.

ಜಯನಗರ ನಾಲ್ಕನೇ ಬ್ಲಾಕ್ · ನವೆಂಬರ್ 14, ಸಂಜೆ 7:00

ಅತ್ತೆಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಶ್ರೀಕಾಳಹಸ್ತಿಯಲ್ಲಿ ಶ್ರೀ ಅಂದ್ರೆ ಜೇಡ, ಕಾಳ ಅಂದ್ರೆ ಹಾವು, ಹಸ್ತಿ ಅಂದ್ರೆ ಆನೆ. ಮೂರೂ ಶಿವನನ್ನು ಪೂಜೆ ಮಾಡಿದವು" ಅಂತ ಮೊಮ್ಮಗಳಿಗೆ ಕಥೆ ಶುರು ಮಾಡಿದರು. ಜೇಡ ಲಿಂಗದ ಮೇಲೆ ಬಲೆಯ ಚಪ್ಪರ ಕಟ್ಟಿದ್ದನ್ನು ಕೈಯಲ್ಲಿ ತೋರಿಸುತ್ತಾ ಹೇಳಿದರು. ಹಬ್ಬಕ್ಕೆ ಮನೆಯ ಜೇಡ ತೆಗೆಯುವಾಗ ಬಾಲ್ಕನಿಯ ಮೂಲೆ ಮಾತ್ರ ಬಿಡಬೇಕು ಅಂತ ಮಗಳು ಒಪ್ಪಂದ ಮಾಡಿಸಿಕೊಂಡಿದ್ದಾಳೆ.

ನಿರ್ವಾಹಕರು · ನವೆಂಬರ್ 16, ಬೆಳಿಗ್ಗೆ 9:00

ಒಂದು ಕೋರಿಕೆ. ನಿನ್ನೆ ಒಬ್ಬರು ಮರದ ಪೊಟರೆಯ ಟರಾಂಟುಲ ಅನ್ನುವ ದೊಡ್ಡ ರೋಮದ ಜೇಡದ ಫೋಟೋವನ್ನು ಜಾಗದ ಹೆಸರಿನ ಜೊತೆ ಹಾಕಿದ್ದರು. ಚಿತ್ರ ಉಳಿಸಿ ಜಾಗದ ವಿವರ ತೆಗೆದಿದ್ದೇವೆ. ಕಾರಣ ಹೇಳುತ್ತೇವೆ. ನಮ್ಮ ಪಕ್ಕದ ಆಂಧ್ರದ ಗುತ್ತಿಯಲ್ಲಿ ಸಿಕ್ಕ ನೀಲಿ ಟರಾಂಟುಲವನ್ನು 1899ರಲ್ಲಿ ಮೊದಲು ವಿವರಿಸಿದರು. ಆಮೇಲೆ ನೂರು ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಮತ್ತೆ ಸಿಕ್ಕ ಕೂಡಲೇ ಸಾಕುವವರ ಮಾರುಕಟ್ಟೆಗೆ ಹೋಯಿತು. ಈಗ ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಮೊಬೈಲಿನಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೋದ ಒಳಗೇ ಜಾಗದ ಗುರುತು ಕೂತಿರುತ್ತದೆ. ಟರಾಂಟುಲಗಳ ಫೋಟೋ ಹಂಚುವ ಮುಂಚೆ ದಯವಿಟ್ಟು ಅದನ್ನು ತೆಗೆಯಿರಿ.

ಮೊಬೈಲ್ ಮ್ಯಾಕ್ರೊ · ನವೆಂಬರ್ 16, ಬೆಳಿಗ್ಗೆ 9:40

ಹಾಕಿದ್ದು ನಾನೇ. ಗೊತ್ತಿರಲಿಲ್ಲ, ಕ್ಷಮಿಸಿ. ಬೇರೆ ಗುಂಪುಗಳಿಂದಲೂ ತೆಗೆದಿದ್ದೇನೆ.

ಬನಶಂಕರಿ ಬಾಲ್ಕನಿ · ನವೆಂಬರ್ 22, ರಾತ್ರಿ 11:10

ವಾರ ಪೂರ್ತಿ ಬರೆಯಲಾಗಲಿಲ್ಲ. ಗುರುವಾರ ರಜೆ ಹಾಕಿ ಸಂಜೆ ಐದೂವರೆಗೇ ಸ್ಕೈವಾಕ್ ಮೇಲೆ ಹೋದೆ. ಕಂಬಿಗಳಿಗೆ ಹೊಸ ಬಣ್ಣ! ಹಳೆಯ ಎಳೆಗಳು, ಸಂದಿನಲ್ಲಿದ್ದ ಜೇಡ, ಏನೂ ಇಲ್ಲ. ಆ ಬಣ್ಣದ ವಾಸನೆಯಲ್ಲಿ ನಿಂತು ಗಂಟಲು ಕಟ್ಟಿತು. ಕೆಲವೇ ವಾರದ ಪರಿಚಯ ಅಷ್ಟೇ, ಆದರೂ.

ಶುಕ್ರವಾರ ಸುಮ್ನೆ ಹಾದು ಹೋಗುವಾಗ ಜಾಹೀರಾತು ಫಲಕದ ಹಿಂಭಾಗ ನೋಡಿದೆ. ಅಲ್ಲಿತ್ತು, ಬಣ್ಣ ಹೊಡೆಯದ ಕಂಬಿ. ಅದೇ ಜೇಡವೋ ಇನ್ನೊಂದೋ ಹೇಳಲಾರೆ. ಇವತ್ತು ಸಂಜೆ ಆರೂ ಕಾಲಿಗೆ ಶುರು ಮಾಡಿ ಏಳೂ ಇಪ್ಪತ್ತಕ್ಕೆ ಬಲೆ ಮುಗಿಸಿತು. ಸರ್ ಹೇಳಿದ ಸಾರವೆಯನ್ನು ಕಣ್ಣಾರೆ ನೋಡಿದೆ. ಒಂದೊಂದು ಕಡ್ಡಿಗೂ ಹಿಂದಿನ ಕಾಲಿನಿಂದ ಎಳೆ ತಾಗಿಸಿ ಮುಂದೆ ಹೋಗುತ್ತದೆ, ಮಗ್ಗದ ಅಣ್ಣ ಹೇಳಿದ ಬೆಸುಗೆ. ಒಬ್ಬರು ಹೂವಿನ ಬುಟ್ಟಿ ಇಳಿಸಿ ನನ್ನ ಜೊತೆ ನಿಂತು ನೋಡಿದರು. "ದಿನಾ ಇಲ್ಲೇ ಹೋಗ್ತೀನಿ, ನೋಡೇ ಇರ್ಲಿಲ್ಲ" ಅಂದರು.

ಒಂದು ತೊಂದರೆ: ಲಾರಿ ಹೋದಾಗೆಲ್ಲ ಸೇತುವೆ ನಡುಗಿ ಬಲೆ ಅಲುಗುತ್ತದೆ. ಸಿಗ್ನಲ್ ಕೆಂಪಾಗಿ ಗಾಡಿಗಳು ನಿಂತಾಗ ಮಾತ್ರ ತೆಗೆದೆ. ಆಗ ಕೆಳಗೆಲ್ಲ ಬ್ರೇಕ್ ದೀಪ. 140ರಲ್ಲಿ ಮೂರು ಉಳಿದವು, ಹಾಕಿದ್ದೇನೆ.

ತುರಹಳ್ಳಿ ಕಾಲುದಾರಿ · ನವೆಂಬರ್ 22, ರಾತ್ರಿ 11:40

ಎರಡನೆಯದು! ಕೆಂಪು ಉಂಡೆಗಳ ನಡುವೆ ಜೇಡ ಕಪ್ಪಗೆ, ಬಲಗಡೆ ಒಂದೇ ಒಂದು ಹಸಿರು. ಅದು ಸಿಗ್ನಲ್ಲಾ, ಔಷಧಿ ಅಂಗಡಿಯ ಬೋರ್ಡಾ? ಟಾರ್ಚ್ ಹಾಕದೆ ಬಿಟ್ಟಿದ್ದು ಒಳ್ಳೆಯದಾಯಿತು.

ಬನಶಂಕರಿ ಬಾಲ್ಕನಿ · ನವೆಂಬರ್ 22, ರಾತ್ರಿ 11:52

ಔಷಧಿ ಅಂಗಡಿ ಸರ್.

ಗಿರಿನಗರ ಟೀಚರ್ · ಡಿಸೆಂಬರ್ 13, ಮಧ್ಯಾಹ್ನ 12:15

ಇವತ್ತು ಬೆಳಿಗ್ಗೆ ಹೆಸರಘಟ್ಟಕ್ಕೆ ಹೋಗಿ ಬಂದೆವು. ಹತ್ತು ಮಾರು ಆಚೆ ಏನೂ ಕಾಣದಷ್ಟು ಮಂಜು. ಮಡಚುವ ಕುರ್ಚಿಯಲ್ಲಿ ಶಾಲು ಹೊದ್ದು ಕುಳಿತೆ. ಕತ್ತಾಳೆಯ ತುಂಬ ಬಲೆಗಳು, ಒಂದರ ಮೇಲೊಂದು ಡೇರೆ ಹಾಕಿದಂತೆ. ಹನಿಗಳು ಸಾಸಿವೆಗಿಂತ ಸಣ್ಣಗೆ, ಒಂದೂ ಜಾರುವುದಿಲ್ಲ. ನನ್ನ ಬಾಟಲಿಯಲ್ಲಿ ಇದು ಯಾವತ್ತೂ ಬರುತ್ತಿರಲಿಲ್ಲ.

ಸುಮಾರು ಏಳು ಮುಕ್ಕಾಲಿಗೆ ಬಿಸಿಲು ಮಂಜಿನೊಳಗೆ ಇಳಿಯಿತು. ಕ್ಯಾಮೆರಾ ಕೈಯಲ್ಲೇ ಇತ್ತು, ಒತ್ತಲು ಮರೆತೆ. ಆಮೇಲೆ ತೆಗೆದ ಒಂದನ್ನು ಹಾಕಿದ್ದೇನೆ. ಗುಮ್ಮಟದ ಕೆಳಗೆ ತಲೆಕೆಳಗಾಗಿ ತೂಗುತ್ತಿದೆಯಲ್ಲ, ಅದೇ ಮನೆಯೊಡತಿ. ಬಲಗಡೆ ಮಸುಕಾಗಿ ಕಾಣುವುದು ಫ್ಲಾಸ್ಕ್.